ಗಿಟಾರಿಗೆ ಕಸಿ ಕಟ್ಟಿದ ಕುಮುದಿನಿಬಾಯಿ

ಭಾಲ್ಕಿಯಿಂದ ಖಟಕ ಚಿಂಚೋಳಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲಗಳು ಶುರುವಾಗುವ ಕಡೆ ಒಂದು ನರ್ಸರಿ ಇದೆ. ಅಲ್ಲಿ ಮಾವಿಗೆ ಕಸಿ ಕಟ್ಟುವ ಹೆಂಗಸರಲ್ಲಿ ಕುಮುದಿನಿಯೇ ಹಿರಿಯಳು. ನಾಟಿ ಮಾವಿನ ಸಸಿಯ ತಲೆ ಹಾರಿಸಿ, ಕಾಂಡವನ್ನು ನಡುವೆ ಸೀಳಿ, ಒಳ್ಳೆಯ ಜಾತಿಯ ಎಳೆ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಆ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾಳೆ. ಮೇಲೊಂದು ಪ್ಲಾಸ್ಟಿಕ್ ಚೀಲದ ಟೊಪ್ಪಿಗೆ ಹಾಕಿ ತೇವ ಆರದಂತೆ ನೋಡಿಕೊಳ್ಳುತ್ತಾಳೆ. ಕೆಲವು ದಿನಗಳಲ್ಲಿ ಕಡ್ಡಿ ಚಿಗುರುತ್ತದೆ. ಬೇರೆಯವರು ಕಟ್ಟಿದ್ದು ಹತ್ತರಲ್ಲಿ ಆರೇಳು ಹಿಡಿದರೆ ಕುಮುದಿನಿ ಕಟ್ಟಿದ್ದು ಒಂದೂ ಹುಸಿಯಾಗುವುದಿಲ್ಲ. ಅವಳ ಕೈಗುಣ ಅಂಥದ್ದು ಎಂದು ನರ್ಸರಿಯವರು ಹೇಳುತ್ತಾರೆ. ಗುಣವೂ ಇಲ್ಲ ಗಿಣವೂ ಇಲ್ಲ, ಚಾಕು ಚೂಪಾಗಿರಬೇಕು, ಬಾಯಿ ಮುಚ್ಚಿರಬೇಕು, ಅಷ್ಟೇ ಎನ್ನುತ್ತಾಳೆ ಅವಳು. ಎರಡನೆಯ ಮಾತನ್ನು ಅವಳು ಒಂದು ದಿನವೂ ಪಾಲಿಸಿದ್ದಿಲ್ಲ.

ಬಾಯಿ ಅಂದರೆ ಬಾಯಿ. ಮಗ ಪರಾಗ ಶಾಲೆಗೆ ಹೋಗುತ್ತಿದ್ದಾಗಲೇ, ಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ನಾರಾಯಣ ತೀರಿಕೊಂಡ. ಆಮೇಲೆ ಒಬ್ಬಂಟಿ ಹೆಂಗಸು ಊರಿನಲ್ಲಿ ಬಾಳಬೇಕಾದರೆ ಬಾಯಿ ಸ್ವಲ್ಪ ಜೋರಿರಲೇಬೇಕು. ಆದರೆ ಮಗ ದೊಡ್ಡವನಾಗಿ ಗೂಡ್ಸ್ ಆಟೋ ಕೊಂಡು ಮನೆ ಹದಕ್ಕೆ ಬಂದ ಮೇಲೂ ಅವಳ ಬಾಯಿ ಹದಕ್ಕೆ ಬರಲಿಲ್ಲ. ಮನಸ್ಸಿನಲ್ಲಿ ಒಂದಿದ್ದರೆ ನಾಲಿಗೆಯ ಮೇಲೆ ಇನ್ನೊಂದು. ಚೆನ್ನಾಗಿ ಅಡುಗೆ ಮಾಡಿದವರಿಗೆ "ಉಪ್ಪು ಜರಾ ಕಡಿಮಿ ಆಗ್ಯಾದ" ಎನ್ನುವುದು, ಪ್ರೀತಿಯಿಂದ ಬಂದವರಿಗೆ "ಈಗ ನೆಪ್ಪಾಯ್ತೇನ್ ನಮ್ಮ ಮನಿ" ಎನ್ನುವುದು. ಹೊಗಳುವುದೆಂದರೆ ಅವಳಿಗೆ ಮೈಮೇಲೆ ಇರುವೆ ಹರಿದಂತೆ.

ಹೋದ ಬೇಸಿಗೆಯಲ್ಲಿ ಪರಾಗನಿಗೆ ಔರಾದಿನ ಹುಡುಗಿಯನ್ನು ತಂದುಕೊಂಡರು. ಹೆಸರು ಕೇತಕಿ. ತವರಿನಲ್ಲಿ ಮರಾಠಿ ಮಾತು, ತಾಯಿ ಅಂದರೆ ಆಯಿ; ಹೊರಗೆ ಕನ್ನಡ. ಡಿಗ್ರಿ ಮುಗಿಸಿದ್ದಾಳೆ. ಭಾಲ್ಕಿಗೆ ಬಂದ ಮೇಲೆ ಓಣಿಯ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳಲು ಶುರು ಮಾಡಿದಳು. ಹುಡುಗಿ ಮೆತ್ತಗೆ, ಮಾತು ಕಡಿಮೆ. ಭಾಂಡೆ ಸಾಮಾನು, ಅಲಮಾರಿಗಳ ಜೊತೆ ಅವಳು ಒಂದು ಗಿಟಾರನ್ನೂ ತಂದಿದ್ದಳು. ಔರಾದಿನಲ್ಲಿ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲವಂತೆ. ಮೊಬೈಲಿನಲ್ಲಿ ನೋಡಿ ನೋಡಿ, ಬೆರಳ ತುದಿ ಸುಲಿದುಕೊಂಡು, ತಾನೇ ಕಲಿತಿದ್ದಳು.

ಸಾಮಾನು ಇಳಿಸುವ ದಿನವೇ ಪಕ್ಕದ ಮನೆಯ ಖತೀಜಾ ಬೇಗಂ ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿದರು.

"ಕುಮುದಿನಿಬಾಯಿ, ಬಹೂ ಸಿತಾರ್ ತಂದಾಳಲ್ರಿ!"

"ಸಿತಾರ್ ಅಲ್ರಿ ಆಪಾ, ಅದರ ತಮ್ಮ. ಮನ್ಯಾಗ ಮಂದಿ ಕಡಿಮಿ ಇದ್ರಲ್ಲ, ಇದೊಂದು ಬಂದದ," ಎಂದಳು ಕುಮುದಿನಿ. ಖತೀಜಾ ಬೇಗಂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವವರು ಸಿಕ್ಕರೆ ಕುಮುದಿನಿಯನ್ನು ಹಿಡಿಯುವವರಿಲ್ಲ. ಅಂದಿನಿಂದ ಆ ಗಿಟಾರು ಅವಳ ಬಾಯಿಗೆ ತುತ್ತಾಯಿತು. ಸಂಜೆ ಟ್ಯೂಷನ್ ಮಕ್ಕಳು ಹೋದ ಮೇಲೆ ಕೇತಕಿ ಒಳಕೋಣೆಯಲ್ಲಿ ಕೂತು ಬಾರಿಸತೊಡಗಿದರೆ ಇವಳು ಗೋಡೆಯ ಬಳಿ ಹೋಗಿ ಕೂಗುತ್ತಿದ್ದಳು: "ಕೇಳ್ರಿ ಆಪಾ, ಸುರು ಆಯ್ತು. ಒಂದಿನ ಇದನ್ನ ಒಲಿಗೆ ಹಾಕಿ ಚಹಾ ಕಾಸಿ ನಿಮಗೂ ಕೊಡ್ತೇನಿ." ನರ್ಸರಿಯಲ್ಲೂ ಇದೇ ಮಾತು, ಅರಿಶಿನ ಕುಂಕುಮಕ್ಕೆ ಹೋದ ಮನೆಗಳಲ್ಲೂ ಇದೇ ಮಾತು. ಒಲೆಗೆ ಹಾಕುವ ಮಾತು ಕೇಳದ ಹೆಂಗಸೇ ಆ ಓಣಿಯಲ್ಲಿ ಉಳಿಯಲಿಲ್ಲ.

ನಿಜ ಹೇಳಬೇಕೆಂದರೆ, ಆ ಬಾರಿಸುವಿಕೆ ಅವಳಿಗೆ ಹಿಡಿಸಿತ್ತು. ನರ್ಸರಿಯಿಂದ ಸೊಂಟ ಹಿಡಿದುಕೊಂಡು ಬಂದವಳು ಮೆಂತ್ಯೆ ಸೊಪ್ಪು ಸೋಸುವ ನೆವದಲ್ಲಿ ಒಳಕೋಣೆಯ ಹೊಸ್ತಿಲಿಗೇ ಬಂದು ಕೂರುತ್ತಿದ್ದಳು. ಸೋಸಿ ಮುಗಿದ ಸೊಪ್ಪನ್ನೇ ಮತ್ತೆ ಸೋಸುತ್ತಿದ್ದಳು. ಒಂದು ಸಂಜೆ ಕೇತಕಿ ತಲೆನೋವೆಂದು ಬಾರಿಸದೆ ಮಲಗಿದಾಗ ಇಡೀ ಮನೆಯೇ ಬಿಕೋ ಅನ್ನಿಸಿ, ಪರಾಗನ ಮೇಲೆ ಸುಮ್ಮಸುಮ್ಮನೆ ರೇಗಿದ್ದಳು. ಇಷ್ಟೆಲ್ಲ ಇದ್ದರೂ ಸೊಸೆಯ ಮುಂದೆ ಒಂದು ಒಳ್ಳೆಯ ಮಾತು ಆ ಬಾಯಿಂದ ಹೊರಡಲಿಲ್ಲ. ಬಾರಿಸುವ ಹುಡುಗಿ ಕೇಳಿಸಿಕೊಂಡದ್ದು ಒಲೆಯ ಮಾತನ್ನು ಮಾತ್ರ.

ಶ್ರಾವಣ ಬಂತು. ಮೊದಲ ನಾಗರ ಪಂಚಮಿಗೆ ಹೊಸ ಸೊಸೆ ತವರಿಗೆ ಹೋಗಬೇಕು. ಔರಾದಿನಿಂದ ಅಣ್ಣ ಕರೆಯಲು ಬಂದ. ಹೋದವಳು ರಾಖಿ ಹುಣ್ಣಿಮೆ ಮುಗಿಸಿಕೊಂಡೇ ಬರುವುದೆಂದು ಮಾತಾಯಿತು. ಹಬ್ಬದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕೇ ಕೇತಕಿ ಗಿಟಾರನ್ನು ಬಿಟ್ಟು ಹೊರಟಳು. ಇಲಿಗಳಿಗೆ ಸಿಗದಿರಲೆಂದು ದೊಡ್ಡ ಟ್ರಂಕಿನ ಮೇಲೆ ಒಟ್ಟಿದ, ಹೊದೆಯುವ ಕೌದಿಗಳ ಮೇಲೆ ಅದನ್ನು ಮಲಗಿಸಿದಳು. ಬಾಗಿಲಲ್ಲಿ ಕಾಲಿಗೆ ಬಿದ್ದಾಗ ಅತ್ತೆಯ ಬಾಯಿ ಸುಮ್ಮನಿರಬೇಕಲ್ಲ!

"ಅದನ್ನೂ ಹೊತ್ಕೊಂಡು ಹೋಗು. ಇಲ್ಲೇ ಬಿಟ್ರ ನೀ ಬರೂದ್ರಾಗ ಒಲ್ಯಾಗ ಇರ್ತದ ನೋಡು."

ಅಣ್ಣ ನಕ್ಕ. ಖತೀಜಾ ಬೇಗಂ ನಕ್ಕರು. ಕೇತಕಿ ತಿರುಗಿ ಒಮ್ಮೆ ಕೌದಿಗಳ ಕಡೆ ನೋಡಿ, ಚೀಲ ಎತ್ತಿಕೊಂಡಳು.

ಪಂಚಮಿಯ ದಿನ ಈ ಕಡೆ ಚಾಕು ಹಿಡಿಯುವ ಹಾಗಿಲ್ಲ. ಏನನ್ನೂ ಕೊಯ್ಯಬಾರದು, ಕಡಿಯಬಾರದು, ನೆಲ ಅಗೆಯಬಾರದು. ಕಸಿಯ ಹಂಗಾಮಿನ ನಟ್ಟನಡುವೆಯೂ ನರ್ಸರಿಯ ಹೆಂಗಸರು ಅಂದು ಕೆಲಸಕ್ಕೆ ಬರುವುದಿಲ್ಲ. ಹುತ್ತಕ್ಕೆ ಹಾಲೆರೆದು ಬಂದ ಕುಮುದಿನಿಗೆ ಕೈಕಟ್ಟಿ ಕೂರಲು ಆಗಲಿಲ್ಲ. ಹಲವು ದಿನಗಳ ಜಿಟಿಜಿಟಿ ಮಳೆಯ ಮೇಲೆ ಬಿಸಿಲು ಬಿದ್ದಿತ್ತು. ಕೌದಿಗಳಿಗೆ ಬಿಸಿಲು ಕಾಣಿಸೋಣವೆಂದು ಹೊರಟಳು. ಎಲ್ಲಕ್ಕಿಂತ ಮುಗ್ಗುಲು ವಾಸನೆ ಹೊಡೆಯುತ್ತಿದ್ದದ್ದು ತಳದ ಕೌದಿ. ಮೇಲಿನವನ್ನು ಇಳಿಸುವ ತಾಳ್ಮೆ ಅವಳಿಗೆ ಯಾವತ್ತು ಇತ್ತು? ತಳದ್ದನ್ನೇ ಹಿಡಿದು ಜಗ್ಗಿದಳು. ಒಟ್ಟಿಲೆಲ್ಲ ವಾಲಿತು. ಗಿಟಾರು ಜಾರಿ, ಬೀಸುವ ಕಲ್ಲಿನ ಅಂಚಿಗೆ ತಲೆ ಬಡಿದುಕೊಂಡು ಬಿತ್ತು.

ಹಸಿ ಕೊಂಬೆ ಮುರಿದಂತೆ ಚಟ್ ಎಂದು ಸದ್ದಾಯಿತು. ತಂತಿ ಬಿಗಿಸುವ ಬಿರಡೆಗಳಿರುವ ತಲೆ, ಕತ್ತಿನಿಂದ ಓರೆಯಾಗಿ ಸೀಳಿಕೊಂಡು, ತಂತಿಗಳ ಆಧಾರದಲ್ಲಿ ಜೋತಾಡುತ್ತಿತ್ತು. ಕುಮುದಿನಿ ಕೌದಿ ಬಿಟ್ಟು ಅದನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಮುರಿದದ್ದಕ್ಕೆ ಅವಳ ಎದೆ ಒಡೆಯಲಿಲ್ಲ. ಕೈಜಾರಿ ಬಿತ್ತು ಎಂದರೆ ಯಾರು ನಂಬುತ್ತಾರೆ ಎಂದು ಅವಳ ಎದೆ ಒಡೆಯಿತು. ಓಣಿಗೆಲ್ಲ ಡಂಗುರ ಹೊಡೆದು ಹೇಳಿದವಳು ತಾನೇ. ಹುಡುಗಿ ಹೊರಡುವಾಗ ಕೊನೆಯದಾಗಿ ಕಿವಿಗೆ ಹಾಕಿ ಕಳಿಸಿದ್ದೂ ಅದೇ ಮಾತು. ಕಡ್ಡಿಯನ್ನೂ ಮುರಿಯಬಾರದ ದಿನ ಅತ್ತೆ ಸೊಸೆಯ ಗಿಟಾರು ಮುರಿದಳು ಎಂದು ನಾಳೆ ಊರೇ ಹೇಳುತ್ತದೆ. ಊರು ಹಾಳಾಗಿ ಹೋಗಲಿ. ಕೇತಕಿ ಹಾಗಂದುಕೊಂಡರೆ? ಅಂದುಕೊಂಡು, ಏನೂ ಮಾತಾಡದೆ, ಈ ಮನೆಯಲ್ಲಿ ನೆಂಟರ ಹಾಗೆ ಉಳಿದುಬಿಟ್ಟರೆ?

ಪರಾಗ ಸಂಜೆ ಬಂದವನು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ.

"ಅವ್ವಾ, ಇದೇನ್ ಮಾಡಿದಿ?"

"ಬೇಕಂತ ಮಾಡಿಲ್ಲೋ. ನೀನೂ ಹಂಗಽ ನೋಡಬ್ಯಾಡ. ಅಕಿಗಿ ಈಗಽ ಹೇಳಬ್ಯಾಡ ಮತ್ತ. ಅಕಿ ಬರೂದ್ರಾಗ ಸರಿ ಮಾಡ್ತೇನಿ. ಆಮ್ಯಾಲ ನಾನಽ ಹೇಳ್ತೇನಿ."

ಪರಾಗ ಹೂಂ ಎಂದು ತಲೆಯಾಡಿಸಿದ. ಬಿರಡೆಗಳನ್ನು ಸಡಿಲಿಸಿ ತಂತಿಗಳನ್ನು ಬಿಚ್ಚಿಕೊಟ್ಟ.

ಮರುದಿನ ಅವಳು ನರ್ಸರಿಗೆ ರಜೆ ಹೇಳಿ, ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬೀದರಿನ ಬಸ್ಸು ಹತ್ತಿದಳು. ಅಲ್ಲಿ ಮದುವೆ ಬ್ಯಾಂಡಿನವರಿಗೆ ಡೋಲು, ತುತ್ತೂರಿ ಮಾರುವ ಒಂದು ಅಂಗಡಿಯನ್ನು ಕೇಳಿ ಕೇಳಿ ಹುಡುಕಿದಳು. ಅಂಗಡಿಯವನು ಸೀರೆ ಬಿಚ್ಚಿ ನೋಡಿ ಮತ್ತೆ ಮುಚ್ಚಿದ.

"ಇದರ ಕಥಿ ಮುಗೀತ್ರಿ. ಹೈದರಾಬಾದಿಗಿ ಕಳಿಸಿದ್ರ ಮಾಡಿ ಕೊಡ್ತಾರ, ಒಂದೂವರಿ ತಿಂಗಳಾಗ್ತದ. ಅದರಕ್ಕಿಂತಾ ಹೊಸಾದು ಒಯ್ಯಿರಿ. ಇದೇ ಬಣ್ಣದ್ದು ಅದ."

ಗೋಡೆಗೆ ನೇತುಹಾಕಿದ್ದನ್ನು ಇಳಿಸಿ ತೋರಿಸಿದ. ಅದೇ ಬಣ್ಣ, ಅದೇ ಗಾತ್ರ. ತಂದು ಕೌದಿಯ ಮೇಲೆ ಇಟ್ಟುಬಿಟ್ಟರೆ ಮುಗಿಯಿತಲ್ಲ ಎಂದು ಕುಮುದಿನಿಗೆ ಒಂದು ಗಳಿಗೆ ಆಸೆಯಾಯಿತು. ಮರುಗಳಿಗೆಗೇ ನಾಚಿಕೆಯಾಯಿತು. ಬೆರಳು ಸುಲಿದುಕೊಂಡು ಕಲಿತ ಹುಡುಗಿಗೆ ತನ್ನ ಗಿಟಾರು ಯಾವುದೆಂದು ಗೊತ್ತಾಗುವುದಿಲ್ಲವೇ? ಮುರಿದದ್ದರ ಮೇಲೆ ಮೋಸವನ್ನೂ ಮಾಡಿದಂತಾಗುತ್ತದೆ. ಒಂದು ಜೊತೆ ಹೊಸ ತಂತಿಯನ್ನು ಮಾತ್ರ ಕೊಂಡು ಹಿಂದಿರುಗಿದಳು.

ಹೋಗುವಾಗ ತೊಡೆಯ ಮೇಲಿದ್ದದ್ದನ್ನು ಬರುವಾಗ ಬಿಚ್ಚಿ ನೋಡುತ್ತ ಬಂದಳು. ಮುರಿದದ್ದು ಅಡ್ಡಕ್ಕಲ್ಲ, ಓರೆಗೆ. ಒಂದು ತುಂಡು ನಾಲಿಗೆಯಂತೆ ಚೂಪಾಗಿತ್ತು, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತಗ್ಗು. ಎರಡನ್ನೂ ಕೂಡಿಸಿದರೆ ಗೆರೆಗೆ ಗೆರೆ ಕೂತಿತು. ಇಂಥದ್ದನ್ನು ಅವಳು ದಿನಬೆಳಗಾದರೆ ಕೆತ್ತುತ್ತಾಳೆ, ಕೂರಿಸುತ್ತಾಳೆ, ಕಟ್ಟುತ್ತಾಳೆ. ಇದು ಕಸಿಯೇ ಅಲ್ಲವೇ! ಬಸ್ಸು ಭಾಲ್ಕಿ ತಲುಪುವಷ್ಟರಲ್ಲಿ ಅವಳ ಎದೆಗೆ ಅರ್ಧ ಧೈರ್ಯ ಬಂದಿತ್ತು.

ಬಡಗಿಗಳು ಹಚ್ಚುವ ಬಿಳಿ ಅಂಟಿನ ಡಬ್ಬಿ ತಂದಳು. ಸೀಳಿನ ಎರಡೂ ಮೈಗೆ ತೆಳ್ಳಗೆ ಸವರಿ, ತಲೆಯನ್ನು ಕತ್ತಿಗೆ ಕೂರಿಸಿ, ಕಸಿಯ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ, ಸುತ್ತಿನ ಮೇಲೆ ಸುತ್ತು ಹತ್ತಿಸಿ, ಎಳೆದು ಗಂಟು ಹಾಕಿದಳು. ಆ ಕಟ್ಟಿನಲ್ಲಿ ಕೊರೆ ಹುಡುಕುವ ಹಾಗಿರಲಿಲ್ಲ. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಕೆಲಸ ಆಗುತ್ತಿತ್ತು. ಆದರೆ ಇಷ್ಟು ವರ್ಷ ಕಸಿ ಕಟ್ಟಿದ ಕೈ ಅಷ್ಟಕ್ಕೆ ನಿಲ್ಲುತ್ತದೆಯೇ? ಗೋಣಿಯ ತುಂಡನ್ನು ನೀರಿನಲ್ಲಿ ನೆನೆಸಿ ಕಟ್ಟಿನ ಸುತ್ತ ಸುತ್ತಿದಳು. ಮೇಲೊಂದು ಪ್ಲಾಸ್ಟಿಕ್ ಚೀಲದ ಟೊಪ್ಪಿಗೆ ಹಾಕಿ ದಾರ ಬಿಗಿದಳು. ಬಿಸಿಲು ತಾಗದಂತೆ ಬಚ್ಚಲ ಪಕ್ಕದ ತಂಪು ಮೂಲೆಯಲ್ಲಿ ಗೋಡೆಗೆ ಒರಗಿಸಿದಳು. ಬೆಳಿಗ್ಗೆ ನರ್ಸರಿಗೆ ಹೊರಡುವ ಮುಂಚೆ, ಸಂಜೆ ಬಂದ ಕೂಡಲೇ, ಟೊಪ್ಪಿಗೆ ಎತ್ತಿ ತಂಬಿಗೆಯಿಂದ ಬೊಗಸೆ ನೀರು ಚಿಮುಕಿಸುವುದು. ಚಿಮುಕಿಸುವಾಗ ಅವಳ ಮುಖದಲ್ಲಿ ಎಂಥ ಕಾಳಜಿ ಇತ್ತೆಂದರೆ, ಹಲ್ಲುಜ್ಜುತ್ತ ನಿಂತಿದ್ದ ಪರಾಗ ಮೊಬೈಲು ತೆಗೆದು ಅವಳಿಗೆ ಗೊತ್ತಾಗದಂತೆ ಒಂದು ಫೋಟೋ ಹೊಡೆದ. ಅವನಿಗೂ ಏನೋ ಎಡವಟ್ಟಾಗಿದೆ ಅನ್ನಿಸಿತ್ತು. ಆದರೆ ಕಟ್ಟುವ ವಿಷಯದಲ್ಲಿ ಅವ್ವನಿಗೆ ಬುದ್ಧಿ ಹೇಳಿದವರು ಯಾರಿದ್ದಾರೆ?

ನಾಲ್ಕು ದಿನ ಬಿಟ್ಟು ಬಿಚ್ಚಿದಳು. ಗಿಟಾರಿನ ತಲೆ ಮೆತ್ತಗೆ ಜಾರಿ ಅವಳ ಕೈಗೇ ಬಂತು. ಅಂಟು ಹಚ್ಚಿದ ದಿನ ಹೇಗಿತ್ತೋ ಹಾಗೇ ಇತ್ತು, ಬೆಳ್ಳಗೆ, ಗಂಜಿಯ ಹಾಗೆ. ಹಿಡಿಯದ ಕಸಿಯನ್ನು ಕುಮುದಿನಿ ತನ್ನ ಕೈಯಲ್ಲಿ ಕಂಡದ್ದೇ ಇರಲಿಲ್ಲ. ಸಿಟ್ಟು ಬಂತು, ಅಳು ಬಂತು. ಎರಡನ್ನೂ ನುಂಗಿಕೊಂಡು, ಓಣಿಯ ತುದಿಯಲ್ಲಿ ಬಾಗಿಲು ಚೌಕಟ್ಟು ಮಾಡುವ ಕರೀಮ ಸಾಬರ ಬಳಿ ಗೋಣಿ ಸಮೇತ ಎತ್ತಿಕೊಂಡು ಹೋದಳು. ಅವರು ಮುರಿದ ಕಡೆ ಮುಟ್ಟಿ ನೋಡಿದರು, ಒದ್ದೆ ಗೋಣಿ ಮೂಸಿ ನೋಡಿದರು, ಆಮೇಲೆ ಇವಳ ಮುಖ ನೋಡಿದರು.

"ಬಾಯಿ, ಇದಕ್ಕ ಬೇರು ಬಿಡಿಸ್ಬೇಕಂತ ಮಾಡಿದ್ರೇನ್ರಿ?"

"ಒಣಗಿದ್ರ ಕೂಡೂದಿಲ್ಲಲ್ರಿ ಸಾಬ."

"ಗಿಡ ಕೂಡೂದಿಲ್ರಿ. ಇದು ಸತ್ತ ಕಟ್ಟಿಗಿ ಅದ. ಇದರೊಳಗಿನ ನೀರು ಹೋದ್ರಽ ಅಂಟು ಹಿಡೀತದ. ನೀವು ಮ್ಯಾಲಿಂದ ಇನ್ನಾ ಕುಡಿಸೀರಿ!"

ಕರೀಮ ಸಾಬರಿಗೆ ನಗು ತಡೆಯಲಿಲ್ಲ. ತಾವೇ ಎರಡು ಮೊಳೆ ಹೊಡೆದು ತಗಡಿನ ಪಟ್ಟಿ ಹಾಕಿ ಕೊಡುತ್ತೇನೆ ಎಂದರು. ಮೊಳೆ ಎಂದ ಕೂಡಲೇ ಕುಮುದಿನಿ ಗಿಟಾರನ್ನು ಎದೆಗೆ ಅವಚಿಕೊಂಡಳು. ಮೊಳೆ ಹೊಡೆಸಿಕೊಳ್ಳಲು ಅದೇನು ಮಂಚದ ಕಾಲೇ? ಬೇಡ, ನಾನೇ ಮಾಡುತ್ತೇನೆ ಎಂದು ಹಟ ಹಿಡಿದಳು. ಹಳೆಯ ಅಂಟನ್ನು ಪೂರಾ ತೆಗೆಯಬೇಕು, ಕಟ್ಟಿಗೆ ಒಣಗಬೇಕು, ಆಮೇಲೇ ಹೊಸ ಅಂಟು ಎಂದು ಅವರು ಹೇಳಿ ಕಳಿಸಿದರು.

ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅಂಟನ್ನು ಒರೆಸಿದಳು. ಸಂದಿಯಲ್ಲಿ ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಳು. ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದಳು. ಕರೆಂಟು ಹೋದಾಗ ಮೊರದಿಂದ ಗಾಳಿ ಹಾಕಿದಳು. ಮತ್ತೆ ಅಂಟು ಸವರಿ ಕೂರಿಸಿದಳು. ಈ ಸಲ ಪ್ಲಾಸ್ಟಿಕ್ ಬೇಡವೆಂದು ಪರಾಗನಿಂದ ಸೈಕಲ್ಲಿನ ಹಳೆಯ ಟ್ಯೂಬು ತರಿಸಿ, ಉದ್ದಕ್ಕೆ ಸೀಳಿ, ಜಗ್ಗಿ ಜಗ್ಗಿ ಸುತ್ತಿದಳು. ಸಂದಿಯಿಂದ ಹನಿಹನಿಯಾಗಿ ಹೊರಬಂದ ಅಂಟನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕಷ್ಟದ ಕೆಲಸ ಶುರುವಾಯಿತು. ಏನೂ ಮಾಡದೆ ಸುಮ್ಮನಿರುವುದು. ನೀರು ಹಾಕುವ ಹಾಗಿಲ್ಲ, ಬಿಚ್ಚಿ ನೋಡುವ ಹಾಗಿಲ್ಲ. ಬಚ್ಚಲಿಗೆ ಹೋದಾಗಲೆಲ್ಲ ಕೈ ತಾನಾಗಿ ತಂಬಿಗೆಯ ಕಡೆ ಹೋಗುತ್ತಿತ್ತು.

ಹುಣ್ಣಿಮೆಯ ದಿನ ಟ್ಯೂಬು ಬಿಚ್ಚಿದಳು. ಕೂಡಿತ್ತು. ಬೆರಳಿನಿಂದ ಬಡಿದರೆ ಒಂದೇ ಕಟ್ಟಿಗೆಯ ಸದ್ದು. ಕತ್ತಿನ ಹಿಂದೆ ಮಾತ್ರ ಓರೆಯಾದ ಒಂದು ಗೆರೆ ಎದ್ದು ಕಾಣುತ್ತಿತ್ತು. ಸ್ವಲ್ಪ ಕಂದು ಬೂಟ್ ಪಾಲಿಶ್ ತಿಕ್ಕಿದರೆ ಗೆರೆ ಮುಚ್ಚಿಹೋಗುತ್ತದೆ ಎಂದ ಪರಾಗ. ಡಬ್ಬಿಯನ್ನು ತಂದೂ ಕೊಟ್ಟ. ಕುಮುದಿನಿ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಕಡೆಗೆ ಡಬ್ಬಿಯನ್ನು ಮಗನ ಕಡೆಗೇ ಒಗೆದು, "ನಿನ್ನ ಬೂಟಿಗಿ ತಿಕ್ಕೋ ಹೋಗು," ಎಂದಳು.

ಮರುದಿನ ಮಧ್ಯಾಹ್ನ ಪರಾಗ ಬಸ್ ಸ್ಟ್ಯಾಂಡಿನಿಂದ ಹೆಂಡತಿಯನ್ನು ಕರೆತಂದ. ಕೇತಕಿಯ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪಂಚಮಿಯ ಸಿಹಿ ಉಂಡಿಯ ಡಬ್ಬ. ಗೋಡೆಯಾಚೆ ಖತೀಜಾ ಬೇಗಂ ಬಂದು ನಿಂತರು. ಹೇಳಬೇಕಾದ ಮಾತನ್ನು ಕುಮುದಿನಿ ಬೆಳಗಿನಿಂದ ಬಾಯಿಪಾಠ ಮಾಡಿದ್ದಳು. ಸೊಸೆಯ ಮುಖ ಕಂಡದ್ದೇ ಎಲ್ಲ ಮರೆತುಹೋಯಿತು. ಗಿಟಾರನ್ನು ತಂದು, ಗೆರೆ ಕಾಣುವ ಹಾಗೆ ತಿರುಗಿಸಿ ಹಿಡಿದಳು.

"ಮದಲ ಇದು ನೋಡು. ಕೌದಿ ಜಗ್ಗಲಿಕ್ಕ ಹೋಗಿ ನನ್ನ ಕೈಯಿಂದ ಬಿದ್ದು ಮುರೀತು. ನಾನಽ ಕೂಡ್ಸೀನಿ. ಬೇಕಂತ ಮುರದಿಲ್ಲ. ನಂಬ್ತಿದ್ರ ನಂಬು, ಇಲ್ಲಾಂದ್ರ ಬಿಡು!" ಅಭ್ಯಾಸಬಲದಿಂದ ದನಿ ಏರಿಬಿಟ್ಟಿತು. ಮರುಕ್ಷಣವೇ ಇಳಿಯಿತು. "ನಂಬವ್ವಾ. ಖರೇನ ಬೇಕಂತ ಅಲ್ಲ."

ಕೇತಕಿ ಚೀಲ ಕೆಳಗಿಟ್ಟಳು. ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ನಂಗ ಗೊತ್ತದ್ರಿ ಅತ್ತಿ. ಇವರು ಪಂಚಮಿ ದಿನಾನೇ ಫೋನ್ ಮಾಡಿ ಹೇಳಿದ್ರು."

ಪರಾಗ ತುರ್ತಾಗಿ ಆಟೋದ ಟೈರು ನೋಡಲು ಹೋದ.

"ಸುಳ್ಳ ಯಾಕ ಹೇಳ್ಲಿರಿ, ನೀವು ಬೇಕಂತನೇ ಮುರದೀರಿ ಅಂದ್ಕೊಂಡಿದ್ದೆ," ಎಂದಳು ಕೇತಕಿ. "ಅವತ್ತು ಹಬ್ಬದ ಊಟಾನೂ ಮಾಡಿಲ್ಲ. ನಮ್ಮ ಆಯಿಗಿ ಹೇಳ್ದೆ, ನಾ ಭಾಲ್ಕಿಗಿ ಹೋಗೂದಿಲ್ಲ ಅಂತ. ಎರಡು ದಿನ ಬಿಟ್ಟು ಇವರು ಇದು ಕಳಿಸಿದ್ರು."

ಮೊಬೈಲು ತೆಗೆದು ತೋರಿಸಿದಳು. ಬಚ್ಚಲ ಮೂಲೆಯಲ್ಲಿ ಟೊಪ್ಪಿಗೆ ತೊಟ್ಟ ಗಿಟಾರು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ ಕುಮುದಿನಿ, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಿಂದ ನೀರು ಚಿಮುಕಿಸುತ್ತಿದ್ದಾಳೆ.

"ನಗು ಬಂತ್ರಿ. ಆಮ್ಯಾಲ ಅಳು ಬಂತು. ಒಲಿಗೆ ಹಾಕೋರು ಅದಕ್ಕ ನೀರು ಹಾಕ್ತಾರೇನ್ರಿ ಅತ್ತಿ?"

ಕುಮುದಿನಿ ಮಗನನ್ನು ಬೈಯಬೇಕೆಂದು ಆಟೋದ ಕಡೆ ತಿರುಗಿದಳು. ಆದರೆ ಕಣ್ಣಲ್ಲಿ ನೀರು ತುಂಬಿ, ಸೊಸೆಯ ಕೈಯಿಂದ ಉಂಡಿಯ ಡಬ್ಬ ಕಸಿದುಕೊಂಡು ಒಳಗೆ ಹೋದಳು.

ಸಂಜೆ ಕೇತಕಿ ಹೊಸ ತಂತಿ ಹಾಕಿದಳು. ಒಂದೊಂದು ಬಿರಡೆ ತಿರುವಿದಾಗಲೂ ಕುಮುದಿನಿ ಹೊಸ್ತಿಲಲ್ಲಿ ಕೂತು "ಹಗೂರ, ಹಗೂರ" ಎನ್ನುತ್ತಿದ್ದಳು. ಬೆಸುಗೆ ಹೊಸದು, ಪೂರಾ ಬಿಗಿ ಬೇಡವೆಂದು ಕೇತಕಿ ತಂತಿಗಳನ್ನು ಒಂದಿಷ್ಟು ಇಳಿಸಿಯೇ ಕಟ್ಟಿದಳು. ಬಾರಿಸಿದಳು. ತಲೆ ಅಲ್ಲಾಡಲಿಲ್ಲ. ಸ್ವರ ಮೊದಲಿಗಿಂತ ತುಸು ದಪ್ಪಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೇ ಏನನ್ನಿಸಿತೋ, ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ಜೋರಾಯ್ತೇನ್ರಿ ಅತ್ತಿ?"

"ಏ, ನಿಂದರಸಬ್ಯಾಡ," ಎಂದಳು ಕುಮುದಿನಿ. "ಬಾರ್ಸು. ನೀ ಬಾರ್ಸಿದ್ರ ನಂಗ ಛಲೋ ಅನಸ್ತದ. ಮದಲಿಂದಾನೂ ಅನಸ್ತಿತ್ತು."

ಗೋಡೆಯಾಚೆ ಖತೀಜಾ ಬೇಗಂಗೆ ಕೇಳಿಸಲಿ ಎಂದೇ ಜೋರಾಗಿ ಹೇಳಿದಳು.